ಈಸ್ಟ್‌ಬರ್ನ್‌ನಲ್ಲಿ ಮನೆ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಈಸ್ಟ್‌ಬರ್ನ್‌ಗೆ ಆಸ್ಪತ್ರೆಯ ಕೆಲಸಕ್ಕೋ, ವೃದ್ಧರ ಆರೈಕೆ ಕೆಲಸಕ್ಕೋ ಬರುವವರು ಮೊದಲ ದಿನದಿಂದ ಕೇಳುವ ಪ್ರಶ್ನೆಗಳು ಇಲ್ಲಿವೆ. ಪ್ರವಾಸಿಗರಿಗೆ ಬೇಕಾದ ಮಾಹಿತಿ ಇದರಲ್ಲಿ ಇಲ್ಲ. ಬಾಡಿಗೆ, ಬೂಷ್ಟು, ಕಸ, ಗಾಳಿ, ನೀರು, ಬಸ್ಸು ಇಷ್ಟೇ.

ಸಮುದ್ರ ಕಾಣುವ ಮನೆ ಸಿಕ್ಕರೆ ಹಿಡಿಯಬಹುದೇ?

ಮೊದಲು ಒಂದು ಸಂಗತಿ ಗಮನಿಸಿ. ಈ ಊರಿನ ಮೂಲ ಹಳ್ಳಿ ಈಗಿನ ಓಲ್ಡ್ ಟೌನ್. ಅದು ಕಡಲಿನಿಂದ ಒಂದೂವರೆ ಕಿ.ಮೀ.ಯಷ್ಟು ಒಳಗಿದೆ. ಸೇಂಟ್ ಮೇರೀಸ್ ಚರ್ಚು, ಹಳೆಯ ಛತ್ರ, ಊರಿಗೆ ಹೆಸರು ಕೊಟ್ಟ ತೊರೆ ಎಲ್ಲವೂ ಅಲ್ಲೇ ಇದ್ದವು. ದಂಡೆಯಲ್ಲಿ ಇದ್ದದ್ದು ಕೆಲವೇ ಮನೆಗಳು. 1849ರಲ್ಲಿ ರೈಲು ಬಂದ ಮೇಲೆ, ಡೆವನ್‌ಶೈರಿನ ಏಳನೇ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್ ತನ್ನ ಜಮೀನಿನಲ್ಲಿ ಅಚ್ಚುಕಟ್ಟಾಗಿ ಬೀದಿ ಹಾಕಿಸಿದ ಮೇಲೆ, ಊರು ಸಮುದ್ರಕ್ಕೆ ಮುಖ ಮಾಡಿತು. ದಂಡೆಯುದ್ದಕ್ಕೂ ಇವತ್ತಿಗೂ ಅಂಗಡಿಗಳು ಹೆಚ್ಚುಕಡಿಮೆ ಇಲ್ಲದಿರುವುದಕ್ಕೂ ಆ ಮನೆತನದ ಕಟ್ಟುಪಾಡೇ ಕಾರಣ. ಕೊತ್ತಂಬರಿ ಸೊಪ್ಪು ಬೇಕಾದರೆ ಒಳಬೀದಿಗೇ ನಡೆಯಬೇಕು.

ದಂಡೆಯಿಂದ ದೂರ ನಿಲ್ಲಲು ಗಾಳಿಯೇ ಸಾಕಷ್ಟು ಕಾರಣ. ಇಲ್ಲಿ ವರ್ಷದ ಬಹುಪಾಲು ಬೀಸುವುದು ನೈಋತ್ಯ ಗಾಳಿ. ನಮ್ಮ ಮುಂಗಾರು ತರುವ ದಿಕ್ಕೇ, ಆದರೆ ಇಲ್ಲಿ ಅದು ಚಳಿಗಾಲದಲ್ಲಿ ಜೋರು. ಮುಂದಿನ ಸಾಲಿನ ಮನೆಯ ಕಿಟಕಿ, ಗಾರೆ, ಕಬ್ಬಿಣ ಎಲ್ಲದಕ್ಕೂ ಉಪ್ಪು ಹೊಡೆಯುತ್ತದೆ. ಎರಡು ಬೀದಿ ಒಳಗೆ ಹೋದರೆ ಗಾಳಿಯ ಬಿರುಸು ಎದ್ದು ಕಾಣುವಷ್ಟು ತಗ್ಗುತ್ತದೆ, ಕಡಲಿಗೆ ಐದೇ ನಿಮಿಷದ ನಡಿಗೆ. ನೋಟಕ್ಕಾಗಿ ಹೆಚ್ಚಿನ ಬಾಡಿಗೆ ಕೊಡುವ ಮುನ್ನ ಜನವರಿಯ ಸಂಜೆಯನ್ನು ಕಲ್ಪಿಸಿಕೊಳ್ಳಿ. ನಾಲ್ಕು ಗಂಟೆಗೆ ಕತ್ತಲು, ಕಿಟಕಿಯಲ್ಲಿ ಕಾಣುವುದು ನಿಮ್ಮದೇ ಮುಖ.

ಯಾವ ಬಡಾವಣೆ ಯಾರಿಗೆ ಸರಿ?

ಜಿಲ್ಲಾ ಆಸ್ಪತ್ರೆ ಕಿಂಗ್ಸ್ ಡ್ರೈವ್‌ನಲ್ಲಿದೆ, ರೈಲು ನಿಲ್ದಾಣದಿಂದ ಎರಡು-ಎರಡೂವರೆ ಕಿ.ಮೀ. ಅಲ್ಲಿ ಪಾಳಿ ಕೆಲಸ ಮಾಡುವವರಿಗೆ ಅಪರ್ಟನ್, ಓಲ್ಡ್ ಟೌನ್, ರಾಡ್‌ಮಿಲ್ ನಡೆದು ಹೋಗುವ ದೂರ. ಬೆಳಿಗ್ಗೆ ಏಳಕ್ಕೆ ಪಾಳಿ ಶುರುವಾಗುವವರು ಬಸ್ಸನ್ನು ನಂಬಿ ಮನೆ ಹಿಡಿಯಬೇಡಿ. ಭಾನುವಾರದ ಮೊದಲ ಬಸ್ಸು ಎಷ್ಟಕ್ಕೆ ಎಂದು ನೋಡಿ, ಆಮೇಲೆ ಸಹಿ ಹಾಕಿ.

ಮೀಡ್ಸ್ ಪಶ್ಚಿಮದ ತುದಿ, ಗುಡ್ಡದ ಬುಡ. ಹಳ್ಳಿಯಂಥ ಒಂದು ಅಂಗಡಿ ಬೀದಿ, ದೊಡ್ಡ ಇಟ್ಟಿಗೆ ಮನೆಗಳು, ಶಾಂತ. ಬಾಡಿಗೆ ಹೆಚ್ಚು. ಕಡಲೊಳಗೆ ಚಾಚಿದ ಕಟ್ಟೆಯಾದ ಪಿಯರ್‌ನಿಂದ ಪೂರ್ವಕ್ಕೆ ಹೋದರೆ ಸೀಸೈಡ್ ಎಂಬ ಉದ್ದದ ರಸ್ತೆಯ ಆಸುಪಾಸು ಮತ್ತು ರೋಸ್‌ಲ್ಯಾಂಡ್ಸ್ ಇವೆ. ಸಾಲುಮನೆಗಳು, ಸಣ್ಣ ಅಂಗಡಿಗಳು, ನೆಲ ಸಪಾಟು, ಕೈಗೆಟಕುವ ಬಾಡಿಗೆ. ಸೈಕಲ್ಲಿಗೂ ತಳ್ಳುಗಾಡಿಯ ಮಗುವಿಗೂ ಇದೇ ಸಲೀಸು.

ಸಾವರಿನ್ ಹಾರ್ಬರ್ 1990ರ ದಶಕದಿಂದ ಈಚೆಗೆ ಎದ್ದ ಬಂದರು ಬಡಾವಣೆ. ಮನೆಗಳು ಹೊಸವು, ಬೆಚ್ಚಗಿನವು. ಕೊಳ್ಳುವವರು ಒಂದು ವಿಷಯ ವಕೀಲರಿಂದ ತಿಳಿದುಕೊಳ್ಳಿ: ಬಂದರು ಮತ್ತು ಕಡಲ ತಡೆಗಳ ಖರ್ಚಿಗೆಂದು ಅಲ್ಲಿನ ಮನೆಗಳ ಮೇಲೆ ವಾರ್ಷಿಕ ಶುಲ್ಕವೊಂದಿದೆ. ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತದ ಮನೆ ತೆರಿಗೆ) ಬೇರೆ, ಇದು ಬೇರೆ.

ಹ್ಯಾಂಪ್‌ಡನ್ ಪಾರ್ಕ್ ಒಳನಾಡು, ಅದಕ್ಕೆ ತನ್ನದೇ ರೈಲು ನಿಲ್ದಾಣ. ಆದರೆ ಅಲ್ಲಿನ ರೈಲ್ವೆ ಗೇಟು ತಾಳ್ಮೆ ಪರೀಕ್ಷಿಸುತ್ತದೆ. ಹೇಸ್ಟಿಂಗ್ಸ್ ಕಡೆಯ ರೈಲು ಈಸ್ಟ್‌ಬರ್ನ್‌ಗೆ ಬಂದು, ದಿಕ್ಕು ಬದಲಿಸಿ, ಅದೇ ಗೇಟು ದಾಟಿ ವಾಪಸು ಹೋಗುವುದರಿಂದ ಒಂದೇ ರೈಲಿಗೆ ಎರಡು ಸಲ ಗೇಟು ಬೀಳುತ್ತದೆ.

ಬಾಡಿಗೆಗೆ ಏನೇನು ಕೇಳುತ್ತಾರೆ?

ಸಾಮಾನ್ಯವಾಗಿ ಮೂರು ತಿಂಗಳ ಸಂಬಳದ ಚೀಟಿ, ಹಿಂದಿನ ಮಾಲೀಕರ ಪತ್ರ, ಇಲ್ಲಿ ಇರುವ ಹಕ್ಕನ್ನು ತೋರಿಸುವ ಶೇರ್ ಕೋಡ್. ಏಜೆಂಟರ ಲೆಕ್ಕ ಹೀಗೆ: ವರ್ಷದ ಸಂಬಳ ತಿಂಗಳ ಬಾಡಿಗೆಯ 30 ಪಟ್ಟು ಇರಬೇಕು. 1,100 ಪೌಂಡ್ ಬಾಡಿಗೆಗೆ 33,000 ಪೌಂಡ್ ಸಂಬಳ ಎಂದಾಯಿತು. ಗಂಡ-ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ಇಬ್ಬರದ್ದೂ ಸೇರುತ್ತದೆ. ಈಗಷ್ಟೇ ವಿಮಾನ ಇಳಿದವರ ಬಳಿ ಸಂಬಳದ ಚೀಟಿ ಇರುವುದಿಲ್ಲ. ಅಂಥವರು ಕೆಲಸದ ಕರಾರು ಪತ್ರ ಮತ್ತು ಸಂಬಳ ಬರೆದ ನೇಮಕಾತಿ ಪತ್ರ ಇಟ್ಟುಕೊಂಡು ಮಾತಾಡಬೇಕು.

ದುಡ್ಡಿನ ಮಿತಿ ಕಾನೂನಿನಲ್ಲೇ ಇದೆ. 2019ರ ಬಾಡಿಗೆದಾರರ ಶುಲ್ಕ ಕಾಯ್ದೆ ಪ್ರಕಾರ ಮನೆ ಕಾದಿರಿಸಲು ಒಂದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಮುಂಗಡ ಠೇವಣಿ ಐದು ವಾರದ ಬಾಡಿಗೆಯನ್ನು ಮೀರುವಂತಿಲ್ಲ (ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದಾಗ). ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ನೆಮ್ಮದಿ. ಆ ಠೇವಣಿಯನ್ನು ಮಾಲೀಕರು 30 ದಿನದೊಳಗೆ ಸರ್ಕಾರ ಒಪ್ಪಿದ ಮೂರು ಯೋಜನೆಗಳಲ್ಲಿ ಒಂದರಲ್ಲಿ ಇಟ್ಟು ನಿಮಗೆ ದಾಖಲೆ ಕೊಡಬೇಕು. 31ನೇ ದಿನ ದಾಖಲೆ ಬರದಿದ್ದರೆ ಲಿಖಿತವಾಗಿ ಕೇಳಿ.

2026ರ ಮೇ 1ರಿಂದ ನಿಯಮ ಇನ್ನಷ್ಟು ಬದಲಾಗಿದೆ. ಖಾಸಗಿ ಬಾಡಿಗೆಯಲ್ಲಿ ಒಂದು ವರ್ಷದ ಕಟ್ಟು ಕರಾರು ಇಲ್ಲ, ತಿಂಗಳಿನಿಂದ ತಿಂಗಳಿಗೆ ಮುಂದುವರಿಯುತ್ತದೆ. ಕಾರಣ ಕೊಡದೆ ಖಾಲಿ ಮಾಡಿಸುವಂತಿಲ್ಲ. ಒಂದು ತಿಂಗಳಿಗಿಂತ ಹೆಚ್ಚು ಬಾಡಿಗೆಯನ್ನು ಮುಂಚಿತವಾಗಿ ಕೇಳುವಂತಿಲ್ಲ. ಬಿಡಬೇಕೆಂದರೆ ನೀವು ಎರಡು ತಿಂಗಳು ಮೊದಲು ತಿಳಿಸಬೇಕು. ಮನೆ ನೋಡುವ ಮೊದಲೇ ಹಣ ಹಾಕಿ ಎನ್ನುವವರಿಗೆ ಹಾಕಬೇಡಿ, ಅದರಲ್ಲಿ ಹೊಸದೇನಿಲ್ಲ.

ಮನೆ ನೋಡಲು ಹೋದಾಗ ಏನನ್ನು ನೋಡಬೇಕು?

ಹೊಸ ಬಣ್ಣದ ವಾಸನೆ ಬಂದರೆ ಒಂದು ಕ್ಷಣ ನಿಲ್ಲಿ. ಬೂಷ್ಟಿನ ಮೇಲೆ ಬಣ್ಣ ಬಳಿದಿರುವುದು ಅಪರೂಪವಲ್ಲ.

ಹೊರಗೋಡೆಗಳು ಸೇರುವ ಮೂಲೆ, ಬೀರುವಿನ ಹಿಂದೆ, ಕಿಟಕಿಯ ಕೆಳಚೌಕಟ್ಟು, ಬಾತ್‌ರೂಮಿನ ಚಾವಣಿ ಈ ನಾಲ್ಕು ಜಾಗಕ್ಕೆ ಮೊಬೈಲಿನ ಬೆಳಕು ಹಿಡಿಯಿರಿ. ಬೀರು ಗೋಡೆಗೆ ಅಂಟಿದ್ದರೆ ಸ್ವಲ್ಪ ಸರಿಸಲು ಕೇಳಿ. ಅಡುಗೆಮನೆಯ ಚಿಮಣಿ ಯಂತ್ರ ಗಾಳಿಯನ್ನು ಹೊರಗೆ ದೂಡುತ್ತದೋ, ಇಲ್ಲ ಇದ್ದಿಲ ಫಿಲ್ಟರ್‌ನಲ್ಲಿ ಸೋಸಿ ಒಳಗೇ ಬಿಡುತ್ತದೋ ನೋಡಿ. ಎರಡನೆಯದಾದರೆ ಇಂಗಿನ ಒಗ್ಗರಣೆ ಮೂರು ದಿನ ಪರದೆಯಲ್ಲಿ ಉಳಿಯುತ್ತದೆ, ಹಬೆಯೂ ಉಳಿಯುತ್ತದೆ. ಇಂಧನ ಪ್ರಮಾಣಪತ್ರದ ದರ್ಜೆ ಕೇಳಿ. ಬಾಡಿಗೆ ಮನೆಗೆ ಕನಿಷ್ಠ 'ಇ' ಬೇಕು. 'ಸಿ' ಇದ್ದರೆ ಚಳಿಗಾಲದ ಬಿಲ್ಲು ನಿರಾಳ.

'ಗಾರ್ಡನ್ ಫ್ಲಾಟ್' ಎಂಬ ಚೆಂದದ ಹೆಸರಿಗೆ ಮರುಳಾಗಬೇಡಿ. ಬಹಳ ಸಲ ಅದು ವಿಕ್ಟೋರಿಯಾ ಕಾಲದ ಮನೆಯ ನೆಲಮಾಳಿಗೆ. ಅರ್ಧ ಗೋಡೆ ಮಣ್ಣಿನೊಳಗೆ ಇರುತ್ತದೆ.

ಗೋಡೆಗೆ ಕಪ್ಪು ಬೂಷ್ಟು ಬಂದಿದೆ. ತಪ್ಪು ನಮ್ಮದೋ, ಮನೆಯದೋ?

ಅತಿ ಹೆಚ್ಚು ಜಗಳ ಹುಟ್ಟಿಸುವ ಪ್ರಶ್ನೆ. ಉತ್ತರ ಸಿಗುವುದು ಬೂಷ್ಟು ಎಲ್ಲಿ, ಯಾವಾಗ ಬಂತು ಎಂಬುದರಲ್ಲಿ.

ತಣ್ಣನೆಯ ಮೂಲೆಗಳಲ್ಲಿ, ಬೀರುವಿನ ಹಿಂದೆ, ಕಿಟಕಿ ಸುತ್ತ ಕಪ್ಪು ಚುಕ್ಕಿಯಾಗಿ ಬಂದರೆ ಅದು ಮನೆಯೊಳಗಿನ ಹಬೆ ನೀರಾಗಿ ಕೂತದ್ದು. ಗಾಳಿ-ಮಳೆ ಹೊಡೆದ ಮರುದಿನ ನೈಋತ್ಯಕ್ಕೆ ಮುಖ ಮಾಡಿದ ಗೋಡೆಯಲ್ಲಿ ಒದ್ದೆ ಕಲೆ ದೊಡ್ಡದಾದರೆ ಹೊರಗಿನ ಗಾರೆ ಬಿರಿದಿದೆ, ಇಲ್ಲವೇ ಮಳೆನೀರಿನ ದೋಣಿ ಕಟ್ಟಿಕೊಂಡಿದೆ. ನೆಲದಿಂದ ಮೇಲಕ್ಕೆ ಒಂದು ಮೀಟರಿನೊಳಗೆ ಪಟ್ಟಿಯಂತೆ ಏರಿ, ಅಂಚಿನಲ್ಲಿ ಬಿಳಿ ಉಪ್ಪು ಬಿಟ್ಟರೆ ತಳದಿಂದ ತೇವ ಹೀರುತ್ತಿದೆ. ಎರಡನೆಯದೂ ಮೂರನೆಯದೂ ಮಾಲೀಕರ ಹೊಣೆ, ನೀವು ಎಷ್ಟು ಕಿಟಕಿ ತೆರೆದರೂ ಹೋಗುವುದಿಲ್ಲ. ಫೋಟೊ ತೆಗೆದು, ದಿನಾಂಕ ಹಾಕಿ, ಇಮೇಲ್ ಮಾಡಿ. ಫೋನಿನಲ್ಲಿ ಹೇಳಿದ್ದು ದಾಖಲೆಯಾಗುವುದಿಲ್ಲ.

ಮೊದಲನೆಯದರಲ್ಲಿ ನಮ್ಮ ಪಾಲೂ ಇರುತ್ತದೆ. ಒಂದು ಸುತ್ತು ಬಟ್ಟೆ ಒಳಗೆ ಒಣಗಿಸಿದರೆ ಸುಮಾರು ಎರಡು ಲೀಟರ್ ನೀರು ಗಾಳಿಗೆ ಸೇರುತ್ತದೆ. ಅನ್ನ, ಸಾರು, ಇಡ್ಲಿ ಹಬೆ, ಬಿಸಿನೀರ ಸ್ನಾನ ಎಲ್ಲ ಕೂಡಿ ಆ ನೀರು ಹೋಗುವುದೆಲ್ಲಿಗೆ? ಮನೆಯ ಅತಿ ತಣ್ಣನೆಯ ಗೋಡೆಗೆ. ಹಾಗಾಗಿ ಹೀಗೆ ಮಾಡಿ:

ಚಿಕ್ಕ ತೇವಮಾಪಕವೊಂದನ್ನು ಕೊಳ್ಳಿ, ಹತ್ತು ಪೌಂಡಿನೊಳಗೆ ಸಿಗುತ್ತದೆ. 40ರಿಂದ 60 ಶೇಕಡಾ ಒಳ್ಳೆಯದು. ದಿನವಿಡೀ 70 ದಾಟಿ ನಿಂತರೆ ಬೂಷ್ಟು ಖಚಿತ. ಕುಕ್ಕರಿನ ಸಿಳ್ಳೆ ಹೊಡೆಯುವಾಗ ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ. ಸ್ನಾನವಾದ ಮೇಲೆ ಫ್ಯಾನು ಇನ್ನೂ 20 ನಿಮಿಷ ಓಡಲಿ. ದಿನಕ್ಕೆ ಎರಡು ಸಲ, ಹತ್ತು ನಿಮಿಷ, ಎದುರುಬದುರು ಕಿಟಕಿ ತೆರೆದರೆ ಸಾಕು. ಚಳಿಗಾಲದ ಹೊರಗಿನ ಗಾಳಿ ತೇವವಾಗಿ ತೋರಿದರೂ ಒಳಗೆ ಬಂದು ಬೆಚ್ಚಗಾದಾಗ ಒಣಗಾಳಿಯೇ. ಬೀರು, ಮಂಚದ ತಲೆಭಾಗ ಹೊರಗೋಡೆಯಿಂದ ಐದರಿಂದ ಹತ್ತು ಸೆಂ.ಮೀ. ದೂರವಿರಲಿ. ಬಿಸಿಯನ್ನು ಬೆಳಿಗ್ಗೆ ಒಂದು ಗಂಟೆ ಜೋರಾಗಿ ಹಾಕಿ ಆರಿಸುವ ಬದಲು 18 ಡಿಗ್ರಿಯ ಆಸುಪಾಸಿನಲ್ಲಿ ಸಮನಾಗಿ ಇಡಿ.

ತೇವ ಹೀರುವ ಯಂತ್ರ ಕೊಳ್ಳುವಾಗ ಮನೆ ಎಷ್ಟು ತಣ್ಣಗಿರುತ್ತದೆ ನೋಡಿ. 15 ಡಿಗ್ರಿಗಿಂತ ಕೆಳಗಿಳಿಯುವ ಕೋಣೆಗೆ ಡೆಸಿಕೆಂಟ್ ಬಗೆಯದು ಮೇಲು, ಬೆಚ್ಚಗಿನ ಮನೆಗೆ ಕಂಪ್ರೆಸರ್ ಬಗೆಯದು ಕಡಿಮೆ ವಿದ್ಯುತ್ತಿನಲ್ಲಿ ಸಾಗುತ್ತದೆ. ಚಿಕ್ಕ ಕೋಣೆಯಲ್ಲಿ ಬಟ್ಟೆ ಹರವಿ, ಯಂತ್ರ ಹಾಕಿ, ಬಾಗಿಲು ಮುಚ್ಚಿ. ರೇಡಿಯೇಟರ್ ಮೇಲೆ ಒದ್ದೆ ಜೀನ್ಸ್ ಹೊದಿಸುವ ಅಭ್ಯಾಸ ಬಿಡಿ.

ಬಂದಿರುವ ಬೂಷ್ಟನ್ನು ಒಣಗಿದ್ದಾಗ ಉಜ್ಜಬಾರದು, ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಮಾಸ್ಕ್, ಕೈಗವಸು ಹಾಕಿ, ಬೂಷ್ಟು ಕೊಲ್ಲುವ ದ್ರಾವಣ ಸಿಂಪಡಿಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಿ. ಬ್ಲೀಚ್ ಇರುವ ದ್ರಾವಣಕ್ಕೆ ವಿನೆಗರ್ ಬೆರೆಸಿದರೆ ವಿಷಾನಿಲ ಬರುತ್ತದೆ, ಎಚ್ಚರ.

ಬಾಯ್ಲರ್ ನಿಂತಿದೆ, ರೇಡಿಯೇಟರ್ ತಣ್ಣಗಿದೆ. ಯಾರಿಗೆ ಫೋನ್ ಮಾಡಬೇಕು?

ಮೊದಲು ಬಾಯ್ಲರಿನ ಒತ್ತಡದ ಮುಳ್ಳು ನೋಡಿ. ತಣ್ಣಗಿರುವಾಗ 1ರಿಂದ 1.5 ಬಾರ್ ಇರಬೇಕು. ಅದಕ್ಕಿಂತ ಕೆಳಗೆ ಇಳಿದರೆ ಹಲವು ಬಾಯ್ಲರ್‌ಗಳು ತಾವೇ ನಿಂತುಬಿಡುತ್ತವೆ. ಬಾಯ್ಲರ್ ಆರಿಸಿ ತಣಿಯಲು ಬಿಡಿ. ಕೆಳಗೆ ಹೆಣೆದ ಬೆಳ್ಳಿ ಬಣ್ಣದ ಕೊಳವೆ, ಅದರ ತುದಿಗಳಲ್ಲಿ ತಿರುಪುಗಳು ಇರುತ್ತವೆ. ಮೆಲ್ಲಗೆ ತೆರೆದು, ಮುಳ್ಳು 1.3ರ ಸುತ್ತ ಬಂದ ಕೂಡಲೇ ಎರಡನ್ನೂ ಬಿಗಿಯಾಗಿ ಮುಚ್ಚಿ. ಕೆಲವು ಮಾದರಿಗಳಲ್ಲಿ ಇದು ಒಂದು ಪ್ಲಾಸ್ಟಿಕ್ ಹಿಡಿ ಅಷ್ಟೇ. ವಾರಕ್ಕೊಮ್ಮೆ ಹೀಗೆ ತುಂಬಬೇಕಾದರೆ ಎಲ್ಲೋ ಸೋರುತ್ತಿದೆ, ಮಾಲೀಕರಿಗೆ ತಿಳಿಸಿ. ಬಾಯ್ಲರಿನ ಮುಚ್ಚಳ ಮಾತ್ರ ನೀವು ತೆಗೆಯಬೇಡಿ, ಅದು ಗ್ಯಾಸ್ ಸೇಫ್ ನೋಂದಾಯಿತ ಕೆಲಸಗಾರರದ್ದು. ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆ ಮಾಡಿಸುವುದು ಮಾಲೀಕರ ಕರ್ತವ್ಯ, ಪ್ರಮಾಣಪತ್ರದ ಪ್ರತಿ ನಿಮಗೆ ಬರಬೇಕು.

ಗ್ಯಾಸಿನ ವಾಸನೆ ಬಂದರೆ 0800 111 999. ಕರೆಂಟು ಹೋದರೆ 105. ನೀರಿನ ಮುಖ್ಯ ತಿರುಪು ಸಾಮಾನ್ಯವಾಗಿ ಅಡುಗೆಮನೆಯ ಸಿಂಕಿನ ಕೆಳಗೆ ಇರುತ್ತದೆ. ಬಂದ ದಿನವೇ ತಿರುಗಿಸಿ ನೋಡಿ, ಪೈಪ್ ಒಡೆದ ರಾತ್ರಿ ಹುಡುಕುವುದಲ್ಲ.

ಕೆಟಲಿನಲ್ಲಿ ಬಿಳಿ ಪದರ, ಬೇಳೆ ಬೇಯುವುದಿಲ್ಲ. ನೀರಿನಲ್ಲಿ ಏನಿದೆ?

ಸುಣ್ಣ. ಸುತ್ತಲಿನ ಗುಡ್ಡವೆಲ್ಲ ಸೀಮೆಸುಣ್ಣದ ಬಂಡೆ, ಅದರೊಳಗಿಂದ ಬರುವ ನೀರು ಗಡಸು. ಕುಡಿಯಲು ತೊಂದರೆಯಿಲ್ಲ. ಆದರೆ ಕ್ಯಾಲ್ಸಿಯಂ ಬೇಳೆಯನ್ನು ಬಿಗಿ ಮಾಡುವುದರಿಂದ ತೊಗರಿ, ಕಡಲೆ ಬೇಗ ಕರಗುವುದಿಲ್ಲ. ನೀರನ್ನು ಒಮ್ಮೆ ಕುದಿಸಿ, ಆರಿಸಿ, ತಳದ ಸುಣ್ಣ ಬಿಟ್ಟು ಮೇಲಿನದನ್ನು ಬಳಸಿದರೆ ಅರ್ಧ ಸಮಸ್ಯೆ ಪರಿಹಾರ. ಜಗ್ಗಿನ ಫಿಲ್ಟರ್ ಇದ್ದರೆ ಇನ್ನೂ ಸಲೀಸು, ಫಿಲ್ಟರ್ ಕಾಫಿಯ ರುಚಿಯೂ ಮರಳುತ್ತದೆ. ಹುಣಸೆ, ಟೊಮೆಟೊ ಬೇಳೆ ಬೆಂದ ಮೇಲೇ ಹಾಕಿ.

ಕೆಟಲಿಗೆ: ಒಂದು ಲೀಟರ್ ನೀರಿಗೆ ಎರಡು ಚಮಚ ಸಿಟ್ರಿಕ್ ಆಸಿಡ್ ಪುಡಿ, ಕುದಿಸಿ ಅರ್ಧ ಗಂಟೆ ಬಿಟ್ಟು ಚೆಲ್ಲಿ, ಎರಡು ಸಲ ತೊಳೆಯಿರಿ. ಪಾತ್ರೆ ತೊಳೆಯುವ ಯಂತ್ರಕ್ಕೆ ಅದರದ್ದೇ ದಪ್ಪ ಉಪ್ಪು ಹಾಕಿ, ಅಡುಗೆ ಉಪ್ಪು ಬೇಡ.

ಬಿಲ್ಲಿನ ಗೊಂದಲವೊಂದಿದೆ. ನಲ್ಲಿಯ ನೀರು ಸೌತ್ ಈಸ್ಟ್ ವಾಟರ್‌ನದ್ದು, ಚರಂಡಿಗೆ ಹೋಗುವ ನೀರು ಸದರ್ನ್ ವಾಟರ್‌ನದ್ದು. ಎರಡೂ ನಿಜವಾದವೇ, ಮೋಸವಲ್ಲ.

ಇಡ್ಲಿ ಹಿಟ್ಟು ಹುದುಗುವುದಿಲ್ಲ!

ಅಡುಗೆಮನೆ 17 ಡಿಗ್ರಿ ಇದ್ದರೆ ಹೇಗೆ ಹುದುಗೀತು? ಓವನ್ನಿನೊಳಗೆ ದೀಪ ಮಾತ್ರ ಉರಿಸಿ, ಹಿಟ್ಟಿನ ಪಾತ್ರೆ ಒಳಗಿಟ್ಟು ಬಾಗಿಲು ಮುಚ್ಚಿ, 12ರಿಂದ 18 ಗಂಟೆ. ಪಾತ್ರೆಯ ಕೆಳಗೆ ತಟ್ಟೆ ಇಡಿ, ಉಕ್ಕಿದರೆ ಓವನ್ ತೊಳೆಯುವ ಶಿಕ್ಷೆ ತಪ್ಪುತ್ತದೆ. ಮನೆಯವರು ಯಾರಾದರೂ ಓವನ್ ಹಚ್ಚದಂತೆ ಬಾಗಿಲಿಗೆ ಚೀಟಿ ಅಂಟಿಸಿ.

ತಾಜಾ ಕರಿಬೇವು, ರಾಗಿ ಹಿಟ್ಟು, ಇಡ್ಲಿ ಅಕ್ಕಿಗೆ ದೊಡ್ಡ ಆಯ್ಕೆ ಬೇಕಾದರೆ ಕ್ರಾಲಿ ಪಟ್ಟಣ ಅಥವಾ ಲಂಡನ್ನಿನ ಟೂಟಿಂಗ್, ಈಸ್ಟ್ ಹ್ಯಾಂ. ಕ್ರಾಲಿಯ ಇಫೀಲ್ಡ್ ಅವೆನ್ಯೂನಲ್ಲಿ ದೊಡ್ಡ ಸನಾತನ ಮಂದಿರವೂ ಇದೆ, ದರ್ಶನ-ದಿನಸಿ ಒಂದೇ ಪ್ರಯಾಣದಲ್ಲಿ ಮುಗಿಯುತ್ತದೆ. ಕರಿಬೇವು ತಂದ ದಿನವೇ ಎಲೆ ಬಿಡಿಸಿ ಫ್ರೀಜರಿಗೆ.

ಕೌನ್ಸಿಲ್ ಟ್ಯಾಕ್ಸ್ ಎಂದರೇನು, ಬಾಡಿಗೆದಾರರೂ ಕಟ್ಟಬೇಕೇ?

ಅದು ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ. ಹೌದು, ಮನೆಯಲ್ಲಿ ಇರುವವರು ಕಟ್ಟಬೇಕು. 1991ರ ಏಪ್ರಿಲ್ 1ರಂದು ಮನೆಗೆ ಎಷ್ಟು ಬೆಲೆ ಬಾಳುತ್ತಿತ್ತು ಎಂಬ ಲೆಕ್ಕದ ಮೇಲೆ 'ಎ'ಯಿಂದ 'ಎಚ್'ವರೆಗೆ ದರ್ಜೆಗಳಿವೆ. ಆಮೇಲೆ ಕಟ್ಟಿದ ಮನೆಗೂ ಅದೇ ದಿನದ ಊಹೆಯ ಬೆಲೆಯೇ, ಇಂಗ್ಲಿಷರ ಲೆಕ್ಕಾಚಾರವೇ ಹಾಗೆ. ಸಾಮಾನ್ಯವಾಗಿ ಹತ್ತು ಕಂತು, ಫೆಬ್ರವರಿ-ಮಾರ್ಚಿನಲ್ಲಿ ಕಂತಿಲ್ಲ. ಒಬ್ಬರೇ ವಯಸ್ಕರಿದ್ದರೆ 25 ಶೇಕಡಾ ರಿಯಾಯಿತಿ, ಅರ್ಜಿ ಹಾಕಿದರೆ ಮಾತ್ರ. ಹೆಂಡತಿ-ಮಕ್ಕಳು ಆರು ತಿಂಗಳು ತಡವಾಗಿ ಬರುವವರು ಇದನ್ನು ಮರೆಯುತ್ತಾರೆ. ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾಗಿದ್ದರೆ ತೆರಿಗೆಯೇ ಇಲ್ಲ.

ಟಿವಿ ಲೈಸೆನ್ಸ್ ಪತ್ರ ಬರುತ್ತಲೇ ಇದೆ. ನಾವು ಮೊಬೈಲಿನಲ್ಲಿ ಕನ್ನಡ ಚಾನೆಲ್ ಮಾತ್ರ ನೋಡುವುದು.

ಅದು ಟಿವಿ ನೋಡಲು ಹಣ ಕಟ್ಟಿ ಪಡೆಯುವ ಪರವಾನಗಿ. ನೇರಪ್ರಸಾರವಾಗುತ್ತಿರುವ ಯಾವುದೇ ಚಾನೆಲನ್ನು ಯಾವುದೇ ಸಾಧನದಲ್ಲಿ ನೋಡಿದರೂ ಲೈಸೆನ್ಸ್ ಬೇಕು. ಚಾನೆಲ್ ಭಾರತದ್ದಾದರೂ ಅಷ್ಟೇ. ಬಿಬಿಸಿ ಐಪ್ಲೇಯರ್‌ಗೂ ಬೇಕು. ಮುಗಿದ ಧಾರಾವಾಹಿಯ ಕಂತನ್ನೋ ಸಿನಿಮಾವನ್ನೋ ಆಮೇಲೆ ನೋಡುವುದಕ್ಕೆ ಬೇಡ. ಬೇಡದವರು ಆನ್‌ಲೈನಿನಲ್ಲಿ 'ನನಗೆ ಅಗತ್ಯವಿಲ್ಲ' ಎಂದು ಘೋಷಿಸಿದರೆ ಪತ್ರಗಳ ಸುರಿಮಳೆ ನಿಲ್ಲುತ್ತದೆ.

ಕಡಲಕ್ಕಿಗಳು ಕಸದ ಚೀಲ ಹರಿದು ಬೀದಿಯೆಲ್ಲ ಚೆಲ್ಲುತ್ತವೆ. ಏನು ಮಾಡುವುದು?

ಚೀಲವನ್ನು ನೆಲದ ಮೇಲೆ ಇಡಬೇಡಿ. ಇಷ್ಟೇ ಮಂತ್ರ. ಹೆರಿಂಗ್ ಗಲ್ ಎಂಬ ಈ ದೊಡ್ಡ ಹಕ್ಕಿಗೆ ಪ್ಲಾಸ್ಟಿಕ್ ಚೀಲ ಹಪ್ಪಳವಿದ್ದಂತೆ. ಮುಚ್ಚಳವಿರುವ ಡಬ್ಬದಲ್ಲೇ ಹಾಕಿ, ಮುಚ್ಚಳ ಪೂರ್ತಿ ಕೂರುವಷ್ಟೇ ತುಂಬಿ. ಹಿಂದಿನ ಸಂಜೆ ಬೇಗ ಇಡುವುದಕ್ಕಿಂತ ತಡರಾತ್ರಿ ಇಡುವುದು ಮೇಲು, ಬೇಸಿಗೆಯಲ್ಲಿ ಬೆಳಕು ಐದಕ್ಕೂ ಮೊದಲೇ ಹರಿಯುತ್ತದೆ. ಆಹಾರದ ಕಸದ ಚಿಕ್ಕ ಡಬ್ಬದ ಹಿಡಿಯನ್ನು ಮುಂದಕ್ಕೆ ಎಳೆದರೆ ಬೀಗದಂತೆ ಕೂರುತ್ತದೆ. ನಿಮ್ಮ ಬೀದಿಗೆ ಯಾವ ಕಸ ಯಾವ ದಿನ ಎಂಬುದು ಬರೋ ಕೌನ್ಸಿಲ್ (ಊರಿನ ಆಡಳಿತ) ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಸಿಗುತ್ತದೆ. ಪಕ್ಕದ ಬೀದಿಯ ದಿನ ನಿಮ್ಮದಲ್ಲ.

ಸೂರಿನ ಮೇಲೆ ಗೂಡು ಕಟ್ಟಿದರೆ ಕೀಳುವಂತಿಲ್ಲ. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆ ಹಕ್ಕಿಗೂ ಮೊಟ್ಟೆಗೂ ಬಳಕೆಯಲ್ಲಿರುವ ಗೂಡಿಗೂ ರಕ್ಷಣೆ ಕೊಟ್ಟಿದೆ. ಮುಳ್ಳುಪಟ್ಟಿ, ಬಲೆ ಹಾಕಿಸುವುದಿದ್ದರೆ ಚಳಿಗಾಲದಲ್ಲೇ ಮುಗಿಸಿ. ಜೂನ್-ಜುಲೈನಲ್ಲಿ ಮರಿ ಅಂಗಳಕ್ಕೆ ಬಿದ್ದಾಗ ತಾಯಿಹಕ್ಕಿ ತಲೆಯ ಮೇಲೇ ಎರಗುತ್ತದೆ. ಬಿಚ್ಚಿದ ಕೊಡೆ ಹಿಡಿದು ದಾಟಿ. ಇಲ್ಲಿನ ಗಾಳಿಯಲ್ಲಿ ಮಳೆಗೆ ಕೊಡೆ ನಿಲ್ಲುವುದಿಲ್ಲ, ಅದರ ನಿಜವಾದ ಉಪಯೋಗ ಇದೇ.

ಸೈಕಲ್, ಕಾರು, ಬಾಲ್ಕನಿಯ ಮೊಳೆ ಎಲ್ಲ ತುಕ್ಕು ಹಿಡಿಯುತ್ತಿವೆ.

ಉಪ್ಪಿನ ತುಂತುರು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಳೆ ಬರದಿದ್ದರೂ ಲೋಹ ಒದ್ದೆಯಾಗಿಯೇ ಇರುತ್ತದೆ. ಬಿರುಗಾಳಿಯ ಮರುದಿನ ಸಿಹಿನೀರಿನಲ್ಲಿ ತೊಳೆಯುವುದೇ ಮದ್ದು. ಸೈಕಲ್ ಸರಪಳಿ ಒರೆಸಿ ಒದ್ದೆ ಹವೆಗೆಂದು ಮಾರುವ ಎಣ್ಣೆ ಹಾಕಿ. ಹೊರಗೆ ಏನೇ ತಿರುಪು ಹಾಕುವುದಿದ್ದರೂ ಸ್ಟೇನ್‌ಲೆಸ್ ಎಂದಷ್ಟೇ ನೋಡಬೇಡಿ. ಸಾಮಾನ್ಯ 'ಎ2' ದರ್ಜೆ ಇಲ್ಲಿ ಕಂದು ಕಲೆ ಬಿಡುತ್ತದೆ. 'ಎ4', ಅಂದರೆ 316 ಉಕ್ಕು ಕೇಳಿ ತನ್ನಿ.

ಹಳೆಯ ಕಟ್ಟಡದಲ್ಲಿ ಫ್ಲಾಟ್ ಕೊಳ್ಳಬಹುದೇ? ಬೆಲೆ ಕಡಿಮೆ ಕಾಣುತ್ತದೆ.

ಕಡಿಮೆ ಕಾಣುವುದಕ್ಕೆ ಕಾರಣವಿದೆ. ದಂಡೆಯ ಬಿಳಿ ಗಾರೆಯ ಕಟ್ಟಡಗಳಿಗೆ ಕೆಲವೇ ವರ್ಷಕ್ಕೊಮ್ಮೆ ಹೊರಬಣ್ಣ, ಗಾರೆ ರಿಪೇರಿ ಬೇಕು. ಆ ಎತ್ತರಕ್ಕೆ ಅಟ್ಟಣೆ ಕಟ್ಟುವ ಖರ್ಚೇ ದೊಡ್ಡದು, ಎಲ್ಲವೂ ಫ್ಲಾಟಿನವರ ತಲೆಗೆ ಹಂಚಿಕೆ. ಕೊಳ್ಳುವ ಮುನ್ನ ಮೂರು ವರ್ಷದ ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣೆಗೆ ಫ್ಲಾಟಿನವರು ಕಟ್ಟುವ ಹಣ) ಲೆಕ್ಕ, ಮೀಸಲು ನಿಧಿಯಲ್ಲಿ ಎಷ್ಟಿದೆ, ಯಾವ ದೊಡ್ಡ ಕೆಲಸಕ್ಕೆ ನೋಟಿಸ್ ಬಂದಿದೆ ಕೇಳಿ. ಒಬ್ಬೊಬ್ಬರಿಗೂ 250 ಪೌಂಡ್ ಮೀರುವ ಕೆಲಸವಾದರೆ ಮೊದಲೇ ಸೆಕ್ಷನ್ 20 ನೋಟಿಸ್ ಕೊಟ್ಟು ಅಭಿಪ್ರಾಯ ಕೇಳಬೇಕೆಂಬ ನಿಯಮವಿದೆ. ಲೀಸ್ (ಫ್ಲಾಟಿನ ಗುತ್ತಿಗೆಯ ಉಳಿದ ಅವಧಿ) 80 ವರ್ಷಕ್ಕಿಂತ ಕೆಳಗೆ ಇಳಿದಿದ್ದರೆ ವಿಸ್ತರಣೆಯ ವೆಚ್ಚ ತಿಳಿಯದೆ ಮುಂದುವರಿಯಬೇಡಿ. ಫ್ಲಾಟಿನ ಕಿಟಕಿಯನ್ನು ಪ್ಲಾಸ್ಟಿಕ್ ಚೌಕಟ್ಟಿಗೆ ಬದಲಿಸಲೂ ಸಂರಕ್ಷಿತ ಪ್ರದೇಶದಲ್ಲಿ ಯೋಜನಾ ಅನುಮತಿ ಬೇಕಾಗುತ್ತದೆ.

ಪೂರ್ವದ ತಗ್ಗು ಭಾಗಗಳಲ್ಲಿ ಕೊಳ್ಳುವವರು ಸರ್ಕಾರದ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿ ಪ್ರವಾಹದ ಅಪಾಯ ನೋಡಬೇಕು. 2009ಕ್ಕಿಂತ ಮೊದಲು ಕಟ್ಟಿದ ಮನೆಗಳಿಗೆ 'ಫ್ಲಡ್ ರೀ' ಯೋಜನೆಯಿಂದ ವಿಮೆ ಅಗ್ಗವಾಗಬಹುದು, ಹೊಸ ಮನೆಗಳಿಗೆ ಅದು ಅನ್ವಯಿಸುವುದಿಲ್ಲ.

ಮಕ್ಕಳನ್ನು ಸಮುದ್ರಕ್ಕೆ ಬಿಡಬಹುದೇ?

ಬಿಡಬಹುದು, ಆದರೆ ಇದು ಮಲ್ಪೆಯ ಮರಳಲ್ಲ. ದಂಡೆ ಪೂರ್ತಿ ಉರುಟು ಕಲ್ಲು, ಮರಳು ಕಾಣುವುದು ನೀರು ಇಳಿದಾಗ ಮಾತ್ರ. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನ ಉಬ್ಬರವಿಳಿತದ ಅಂತರ ಆರು ಮೀಟರ್ ಮೀರುತ್ತದೆ. ಬೆಳಿಗ್ಗೆ ಮೊಣಕಾಲುದ್ದ ಇದ್ದ ಜಾಗದಲ್ಲಿ ಮಧ್ಯಾಹ್ನ ಆಳು ಮುಳುಗುತ್ತದೆ. ದಂಡೆಗೆ ಅಡ್ಡಲಾಗಿ ಹಾಕಿರುವ ಮರದ ತಡೆಗಳು ಕಲ್ಲು ಪೂರ್ವಕ್ಕೆ ಕೊಚ್ಚಿಹೋಗದಂತೆ ಹಿಡಿಯುತ್ತವೆ. ಹಾಗಾಗಿ ಪಶ್ಚಿಮದ ಬದಿಯಲ್ಲಿ ಕಲ್ಲು ಎತ್ತರಕ್ಕೆ ತುಂಬಿ, ಪೂರ್ವದ ಬದಿಯಲ್ಲಿ ಒಮ್ಮೊಮ್ಮೆ ಒಂದಾಳು ತಗ್ಗು ಇರುತ್ತದೆ. ಮಕ್ಕಳು ಅದರ ಮೇಲಿಂದ ಹಾರಲೇಬಾರದು.

ಆಗಸ್ಟಿನಲ್ಲೂ ನೀರು 17-19 ಡಿಗ್ರಿ, ಫೆಬ್ರವರಿಯಲ್ಲಿ 7-8. ಇಳಿದ ಮೊದಲ ಒಂದೆರಡು ನಿಮಿಷ ಉಸಿರು ಕಟ್ಟಿದಂತಾಗುತ್ತದೆ. ಆಗ ಈಜಲು ಒದ್ದಾಡದೆ ಅಂಗಾತ ತೇಲಿ, ಉಸಿರು ಹಿಡಿತಕ್ಕೆ ಬರಲಿ. ಕೆಂಪು-ಹಳದಿ ಬಾವುಟಗಳ ನಡುವೆ ಕಾವಲು ಇರುತ್ತದೆ, ಅದೂ ಬೇಸಿಗೆಯಲ್ಲಿ. ಪೂರ್ತಿ ಕೆಂಪು ಬಾವುಟ ಇದ್ದರೆ ಇಳಿಯಬೇಡಿ. ಉತ್ತರದ ಗಾಳಿ ಬೀಸುವ ದಿನ ದಂಡೆಯಲ್ಲಿ ನೀರು ಕನ್ನಡಿಯಂತಿರುತ್ತದೆ, ಗಾಳಿ ತುಂಬಿದ ಆಟಿಕೆ ದೋಣಿ ಹತ್ತೇ ನಿಮಿಷದಲ್ಲಿ ಒಳಗಡಲಿಗೆ ಹೋಗಿರುತ್ತದೆ. ಯಾರಾದರೂ ಸಿಕ್ಕಿಬಿದ್ದರೆ 999ಕ್ಕೆ ಕರೆಮಾಡಿ ಕೋಸ್ಟ್‌ಗಾರ್ಡ್ ಎನ್ನಿ. ಜೋರು ಮಳೆಯ ನಂತರ ಒಂದೆರಡು ದಿನ ನೀರಿಗಿಳಿಯದಿರುವುದು ಲೇಸು, ಚರಂಡಿ ಉಕ್ಕಿ ಕಡಲಿಗೆ ಸೇರಿರಬಹುದು.

ಮಕ್ಕಳು ಚೀಲ ತುಂಬ ಕಲ್ಲು ತರುವುದೂ ಬೇಡ. ಆ ಕಲ್ಲೇ ಊರಿನ ತಡೆಗೋಡೆ. 1949ರ ಕರಾವಳಿ ರಕ್ಷಣಾ ಕಾಯ್ದೆ ಅದನ್ನು ಒಯ್ಯದಂತೆ ತಡೆಯುವ ಅಧಿಕಾರ ಕೊಟ್ಟಿದೆ.

ಬೀಚಿ ಹೆಡ್‌ಗೆ ನೆಂಟರನ್ನು ಕರೆದೊಯ್ಯುವಾಗ?

162 ಮೀಟರ್ ಎತ್ತರದ ಸುಣ್ಣದ ಬಂಡೆ. ಅಂಚು ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಟೊಳ್ಳಾಗಿರಬಹುದು. ಐದು ಮೀಟರಾದರೂ ಹಿಂದೆ ನಿಲ್ಲಿ, ಸೆಲ್ಫಿಗೂ ವಿನಾಯಿತಿ ಇಲ್ಲ. ಕೆಳಗೆ ಬುಡದಲ್ಲೂ ಕೂರಬೇಡಿ. ಹತ್ತಿರದ ಬೆಲ್ ಟೂಟ್ ದೀಪಸ್ತಂಭವನ್ನು 1999ರಲ್ಲಿ ಇಡಿಯಾಗಿ 17 ಮೀಟರ್ ಹಿಂದಕ್ಕೆ ಸರಿಸಬೇಕಾಯಿತು ಎಂದರೆ ಅಂಚು ಎಷ್ಟು ವೇಗವಾಗಿ ಸವೆಯುತ್ತದೆ ಊಹಿಸಿ.

ವೈದ್ಯರ ಬಳಿ ನೋಂದಣಿ ಹೇಗೆ? ಊರಿಂದ ಬಂದ ಅಪ್ಪ-ಅಮ್ಮನಿಗೆ?

ಮನೆ ಸಿಕ್ಕ ವಾರವೇ ಹತ್ತಿರದ ಜಿಪಿ (ಕುಟುಂಬ ವೈದ್ಯರ) ಕ್ಲಿನಿಕ್‌ನಲ್ಲಿ ನೋಂದಾಯಿಸಿ. ವಿಳಾಸದ ಪುರಾವೆ ಕಡ್ಡಾಯವಲ್ಲ. ಕಾಯಿಲೆ ಬಂದ ಮೇಲೆ ನೋಂದಾಯಿಸುವುದು ಎಲ್ಲರೂ ಮಾಡುವ ತಪ್ಪು. ತುರ್ತಲ್ಲದ ಆದರೆ ಕಾಯಲಾಗದ ತೊಂದರೆಗೆ 111, ಪ್ರಾಣಕ್ಕೆ ಕುತ್ತೆಂದರೆ 999. ನೆಗಡಿ, ಗಂಟಲು ನೋವು, ಮೂತ್ರದ ಉರಿಯಂಥವಕ್ಕೆ ಔಷಧದಂಗಡಿಯ ಫಾರ್ಮಸಿಸ್ಟರನ್ನೇ ಮೊದಲು ಕೇಳಿ.

ವಿಸಿಟ್ ವೀಸಾದಲ್ಲಿ ಬರುವ ತಂದೆ-ತಾಯಿಗೆ ಆಸ್ಪತ್ರೆಯ ತುರ್ತು ವಿಭಾಗದ ಮೊದಲ ಚಿಕಿತ್ಸೆಗೆ ಶುಲ್ಕವಿಲ್ಲ, ಆದರೆ ಒಳರೋಗಿಯಾಗಿ ದಾಖಲಾದ ಕ್ಷಣದಿಂದ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ದರದ 150 ಶೇಕಡಾ ಬಿಲ್ಲು. ಮೊದಲೇ ಇರುವ ಸಕ್ಕರೆ, ಬಿಪಿಯನ್ನು ಮುಚ್ಚಿಡದೆ ಬರೆದು ವಿಮೆ ಮಾಡಿಸಿ. ಆರು ತಿಂಗಳ ಮಾತ್ರೆ, ವೈದ್ಯರ ಚೀಟಿ ಜೊತೆಗಿರಲಿ. ಅವರನ್ನು ಏಪ್ರಿಲ್-ಮೇನಲ್ಲಿ ಕರೆಸಿಕೊಳ್ಳಿ. ನವೆಂಬರಿನಲ್ಲಿ ಬಂದವರು ಕಿಟಕಿ ನೋಡುತ್ತಲೇ ಬೇಸತ್ತು ಟಿಕೆಟ್ ಹಿಂದಕ್ಕೆ ಮಾಡಿಸುತ್ತಾರೆ.

ಅಕ್ಟೋಬರಿನಿಂದ ಮಾರ್ಚ್‌ವರೆಗೆ ದಿನಕ್ಕೆ 10 ಮೈಕ್ರೊಗ್ರಾಂ ವಿಟಮಿನ್ ಡಿ ಎಂಬುದು ಎಲ್ಲರಿಗೂ ಕೊಡುವ ಸಲಹೆ. ನಮ್ಮಂಥ ಮೈಬಣ್ಣದವರು ವರ್ಷಪೂರ್ತಿ ತೆಗೆದುಕೊಳ್ಳುವುದನ್ನು ಯೋಚಿಸಬೇಕು. ಬ್ರಿಟನ್ನಿನ ಒಂದು ತಿಂಗಳ ಬಿಸಿಲಿನ ದಾಖಲೆ, 1911ರ ಜುಲೈನ 383.9 ಗಂಟೆ, ಇದೇ ಊರಿನದು. ಡಿಸೆಂಬರಿಗೆ ಆ ದಾಖಲೆಯಿಂದ ಏನೂ ಪ್ರಯೋಜನವಿಲ್ಲ.

ಶಾಲೆಗೆ ಯಾವಾಗ ಅರ್ಜಿ ಹಾಕಬೇಕು?

ಪ್ರಾಥಮಿಕಕ್ಕೆ ಜನವರಿ 15, ಪ್ರೌಢಶಾಲೆಗೆ ಅಕ್ಟೋಬರ್ 31 ಕೊನೆ ದಿನ, ಸೆಪ್ಟೆಂಬರಿನ ಪ್ರವೇಶಕ್ಕೆ. ಅರ್ಜಿ ಹೋಗುವುದು ಈಸ್ಟ್ ಸಸೆಕ್ಸ್ ಕೌಂಟಿ ಕೌನ್ಸಿಲ್‌ಗೆ, ಕಸ ಎತ್ತುವ ಬರೋ ಕೌನ್ಸಿಲ್‌ಗಲ್ಲ. ವರ್ಷದ ನಡುವೆ ಬಂದವರು ಅದೇ ಕೌಂಟಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಒಂದೇ ಶಾಲೆ ಬರೆಯಬೇಡಿ. ಅದು ಸಿಗದಿದ್ದರೆ ಉಳಿದವರ ಆಯ್ಕೆಯಾದ ಮೇಲೆ ಮಿಕ್ಕ ಶಾಲೆ ಸಿಗುತ್ತದೆ.

ಕಾರಿಲ್ಲದೆ ನಡೆಯುತ್ತದೆಯೇ?

ಒಂಟಿಯಾಗಿದ್ದರೆ ಧಾರಾಳವಾಗಿ. ಲಂಡನ್ ವಿಕ್ಟೋರಿಯಾಕ್ಕೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ದಾರಿಯಲ್ಲೇ ಗ್ಯಾಟ್ವಿಕ್ ವಿಮಾನ ನಿಲ್ದಾಣ. ಭಾನುವಾರ ಹಳಿ ಕೆಲಸವಿದ್ದರೆ ರೈಲಿನ ಬದಲು ಬಸ್ಸು, ವಿಮಾನ ಹಿಡಿಯುವವರು ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಬ್ರೈಟನ್‌ಗೆ 12ನೇ ನಂಬರಿನ ಬಸ್ಸು ಗುಡ್ಡ ಹತ್ತಿ ಕಡಲಂಚಿನಲ್ಲೇ ಸಾಗುತ್ತದೆ. ಅಂದಹಾಗೆ, ನಗರಾಡಳಿತವೇ ನಡೆಸಿದ ಜಗತ್ತಿನ ಮೊದಲ ಮೋಟಾರು ಬಸ್ಸು ಓಡಿದ್ದು ಇಲ್ಲೇ, 1903ರ ಏಪ್ರಿಲ್ 12ರಂದು, ರೈಲು ನಿಲ್ದಾಣದಿಂದ ಮೀಡ್ಸ್‌ಗೆ.

ಭಾರತದ ಲೈಸೆನ್ಸಿನಲ್ಲಿ ಬಂದ ದಿನದಿಂದ 12 ತಿಂಗಳು ಓಡಿಸಬಹುದು. ಪರೀಕ್ಷೆಯ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುವುದರಿಂದ ಪ್ರಾವಿಷನಲ್ (ಕಲಿಯುವವರ) ಲೈಸೆನ್ಸನ್ನು ಎರಡನೇ ತಿಂಗಳಲ್ಲೇ ಮಾಡಿಸಿ. ಕಾರು ನಿಲ್ಲಿಸಲು ಬೀದಿಗೆ ಪರವಾನಗಿ ಬೇಕೇ ಎಂದು ಮನೆ ಹಿಡಿಯುವ ಮುಂಚೆ ಫಲಕ ಓದಿ.

ದೀಪಾವಳಿಗೆ ಪಟಾಕಿ, ಚೌತಿಗೆ ಗಣೇಶ ವಿಸರ್ಜನೆ?

ಸಾಮಾನ್ಯ ದಿನ ರಾತ್ರಿ 11ರ ನಂತರ ಪಟಾಕಿ ಹೊಡೆಯುವಂತಿಲ್ಲ. ದೀಪಾವಳಿಯ ರಾತ್ರಿ ಬೆಳಗಿನ ಜಾವ 1ರವರೆಗೆ ಕಾನೂನೇ ಬಿಟ್ಟಿದೆ. ಆದರೆ ಸ್ವಂತ ಹಿತ್ತಿಲಲ್ಲಿ. ಬೀದಿ, ಕಡಲ ದಂಡೆಯಲ್ಲಿ ಹೊಡೆಯುವುದು ಅಪರಾಧ. ಅಕ್ಕಪಕ್ಕದಲ್ಲಿ ನಾಯಿ ಸಾಕಿದವರಿದ್ದರೆ ಎರಡು ದಿನ ಮೊದಲು ಒಂದು ಚೀಟಿ ಬರೆದು ಹಾಕಿ. ಬಾಗಿಲು ತಟ್ಟಿ ಸಿಹಿ ಕೊಟ್ಟು ಹೇಳಿದರೆ ಇನ್ನೂ ಒಳ್ಳೆಯದು, ಮೈಸೂರುಪಾಕು ಇಲ್ಲಿ ಚೆನ್ನಾಗಿ ಒಪ್ಪಿಗೆಯಾಗುತ್ತದೆ.

ಗಣೇಶನನ್ನು ಕೇಳದೆ ಕಡಲಿಗೆ ಬಿಡಬೇಡಿ. ಸಮುದ್ರಕ್ಕೆ ವಸ್ತು ಹಾಕುವುದಕ್ಕೆ ಅನುಮತಿಯ ನಿಯಮಗಳಿವೆ, ಬಣ್ಣದ ಪ್ಲಾಸ್ಟರ್ ಮೂರ್ತಿ ಅಲೆಯೊಂದಿಗೆ ವಾಪಸು ಬಂದು ಕಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಗೇಣುದ್ದದ ಮಣ್ಣಿನ ಗಣಪ, ಒಂದು ಬಕೆಟ್ ನೀರು. ರಾತ್ರಿ ಕಳೆಯುವಷ್ಟರಲ್ಲಿ ಕರಗುತ್ತದೆ. ಆ ಮಣ್ಣನ್ನು ಹಿತ್ತಿಲಿನ ಗಿಡದ ಬುಡಕ್ಕೆ ಹಾಕಿ.